ನಡೆಯದ ಸಭೆಗೆ ನಾವೆಲ್ಲ ಹಾಜರು

ನನ್ನ ನೆಗೆಣ್ಣಿ ಗೌರವ್ವ ತನ್ನ ಎದೆಯ ಆಪರೇಷನ್ ರದ್ದಾದರೆ ತಕರಾರಿಲ್ಲ ಅಂತ ತಾನೇ ಹೆಬ್ಬೆಟ್ಟು ಒತ್ತಿದಳು. ಅವಳ ಕೆಳಗೆ ನಾನು ಸಹಿ ಮಾಡಿದೆ. ಆಗ ಇಬ್ಬರೂ ಅಂಗಳದಲ್ಲಿ ಕೂತು ಶೇಂಗಾ ಒಡೆಯುತ್ತಿದ್ದೆವು.

ಹುಚ್ಚು ಹಿಡಿದಿತ್ತೇ ಅಂತ ಕೇಳುತ್ತೀರಿ. ಇಲ್ಲ. ಪಂಚಾಯಿತಿ ಸಿಪಾಯಿ ಫಕೀರಪ್ಪ ಬಂದಿದ್ದ, ಅಷ್ಟೆ.

ನಮ್ಮೂರಲ್ಲಿ ಗ್ರಾಮಸಭೆಗೆ ಜನ ಹೋಗುವುದಿಲ್ಲ. ಸಭೆಯೇ ಜನರ ಮನೆಗೆ ಬರುತ್ತದೆ. ಫಕೀರಪ್ಪನ ಕಂಕುಳಲ್ಲಿ ರಜಿಸ್ಟರು, ಕೈಯಲ್ಲಿ ಶಾಯಿ ಡಬ್ಬಿ. ಸಭೆ ಮುಗಿದಿದೆ, ಒಂದು ಸಹಿ ಅನ್ನುತ್ತಾನೆ. ಮಾಡುತ್ತೇವೆ. ಚಹಾ ಕೊಡುತ್ತೇವೆ. (ಹಾಲು ಇಲ್ಲದ ದಿನ ಕೊಡುವುದಿಲ್ಲ.) ಏನು ಬರೆದಿದೆ ಅಂತ ಅವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಹತ್ತು ವರ್ಷದಿಂದ ಹೀಗೇ ನಡೆದಿದೆ. ನಿಮ್ಮೂರಲ್ಲಿ ಬೇರೆ ಥರ ಇದೆಯೇ? ಇದ್ದರೆ ಬಂದು ನಿಮ್ಮ ಕಾಲು ಮುಟ್ಟುತ್ತೇನೆ.

ಗೌರವ್ವ ನನ್ನ ಮೈದುನನ ಹೆಂಡತಿ. ಮೂವತ್ತು ವರ್ಷದಿಂದ ನಮ್ಮಿಬ್ಬರದು ಅಷ್ಟಕ್ಕಷ್ಟೇ. ಅವಳು ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ನಾನು ಬಾಯಿ ಹೆಚ್ಚು ಹಾಕುತ್ತೇನೆ. ಆದರೆ ಅವಳ ಎದೆಯಲ್ಲಿ ಒಂದು ವಾಲ್ವ್ ಕೆಟ್ಟಿದೆ. ಕೊಡ ಎತ್ತಿದರೆ ತುಟಿ ನೀಲಿಯಾಗುತ್ತದೆ. ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಬರುವ ತಿಂಗಳು ಆಪರೇಷನ್ನಿಗೆ ತಾರೀಖು ಕೊಟ್ಟಿದ್ದರು. ಇನ್ನು ತಡ ಮಾಡಬೇಡಿ ಅಂತಲೂ ಹೇಳಿದ್ದರು.

ಖರ್ಚು ಸಹಕಾರಿ ಸೊಸೈಟಿಯ ಆರೋಗ್ಯ ಕಾರ್ಡಿನದು. ವರ್ಷಕ್ಕೊಮ್ಮೆ ನಾವು ಒಂದಿಷ್ಟು ತುಂಬುತ್ತೇವೆ, ಮಿಕ್ಕದ್ದು ಸರಕಾರ ತುಂಬುತ್ತದೆ. ಒಕ್ಕಲುತನದ ಮನೆಗಳಿಗೆ ಇದು ಹೊಸತು. ಮೊದಲೆಲ್ಲ ಎದೆ ಬೇನೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತು ಗೋಡೆಗೆ ಒರಗಿ ಕೂರುವುದೇ ಔಷಧ. ನನ್ನ ಅತ್ತೆ ಹಾಗೆ ಕೂತವರು ಮತ್ತೆ ಏಳಲಿಲ್ಲ.

ಕಾರ್ಡಿಗೆ ಸಿಕ್ಕಾ ಹಾಕಿಸಲು ಸೊಸೈಟಿಗೆ ಹೋಗಿದ್ದ ಗೌರವ್ವ ಅಳುತ್ತ ಬಂದಳು. ಸರಕಾರ ತನ್ನ ಪಾಲು ಕಡಿಮೆ ಮಾಡುತ್ತದಂತೆ. ಎದೆ, ಕಿಡ್ನಿಯಂಥ ದೊಡ್ಡ ಆಪರೇಷನ್‌ಗಳು ಇನ್ನು ಕಾರ್ಡಿನಲ್ಲಿ ಇಲ್ಲವಂತೆ. ಊರೂರಿಗೆ ಕಾಗದ ಕಳಿಸಿ ಅಭಿಪ್ರಾಯ ಕೇಳಿದ್ದರಂತೆ. ನಮ್ಮೂರ ಗ್ರಾಮಸಭೆ 'ತಕರಾರು ಇಲ್ಲ' ಅಂತ ಠರಾವು ಬರೆದು ಕಳಿಸಿದೆಯಂತೆ. ಸರ್ವಾನುಮತದಿಂದ!

ನೆಟ್ಟಗೆ ಪಂಚಾಯಿತಿಗೆ ಹೋಗಿ ರಜಿಸ್ಟರು ತೆಗೆಸಿದೆ. ನಾನು ಕಲಿತದ್ದು ಕನ್ನಡ ನಾಲ್ಕನೆಯ ಇಯತ್ತೆ. ಸರಕಾರಿ ಕನ್ನಡ ಓದಲು ಅದು ಸಾಲದು. ಈ ಅಂಕಣ ಬರೆಯಲು, ನನ್ನ ಹೆಸರು ಓದಲು ಸಾಕು. ಇತ್ತು. ಅದರ ಮೇಲೆ ಗೌರವ್ವನ ಹೆಬ್ಬೆಟ್ಟು.

ಸೆಕ್ರೆಟರಿ ಸಾಹೇಬರು ತಣ್ಣಗೆ ಹೇಳಿದರು: “ಬರ್ದ ಠರಾವು ಆರ್ ತಿಂಗಳ ತಿದ್ದಾಕ ಬರಂಗಿಲ್ರಿ, ಅಮ್ಮಾರ.”

ಗೌರವ್ವನ ಎದೆಗೆ ಈ ಕಾಯಿದೆ ಗೊತ್ತಿದೆಯೇ?

ನಾನು ಅಲ್ಲೇ ಕೂತೆ, ಏಳಲಿಲ್ಲ. (ಇದು ನನಗೆ ಬರುವ ಒಂದೇ ಸತ್ಯಾಗ್ರಹ.) ಕೊನೆಗೆ ಅವರು ದನಿ ತಗ್ಗಿಸಿ ಒಂದು ದಾರಿ ಹೇಳಿದರು. ಸಭೆಯೇ ನಡೆದಿಲ್ಲ ಅಂತಾದರೆ ಠರಾವೂ ಇಲ್ಲ. ಆದರೆ ಹಾಗಂತ ಬರೆದುಕೊಡುವವರು ಯಾರು? ಬರೆದುಕೊಟ್ಟರೆ ಸುಳ್ಳು ಸಹಿ ಮಾಡಿದೆ ಅಂತ ತಾನೇ ಒಪ್ಪಿದ ಹಾಗೆ. ಮೊದಲು ಒಪ್ಪಬೇಕಾದವಳು ಅಧ್ಯಕ್ಷೆ. ಅವಳ ಹುದ್ದೆ ಹೋದೀತು, ತಮ್ಮ ನೌಕರಿಗೂ ಕುತ್ತು ಬಂದೀತು ಅಂದರು.

ನಮ್ಮ ಅಧ್ಯಕ್ಷೆ ನೀಲವ್ವ. ಮಹಿಳಾ ಮೀಸಲಿನಲ್ಲಿ ಗೆದ್ದವಳು. ಗೆದ್ದ ದಿನದಿಂದ ಕುರ್ಚಿಯ ಮೇಲೆ ಕೂತದ್ದು ಅವಳ ಗಂಡ ಚನ್ನಪ್ಪ. ಅವಳು ಪಂಚಾಯಿತಿಗೆ ಬರುವುದು ಝೇಂಡಾ ಹಾರಿಸುವ ದಿನ ಮಾತ್ರ. ಇದೇ ಅಂಕಣದಲ್ಲಿ ನಾನೇ ಅವಳನ್ನು ಗೋಡೆಗೆ ತೂಗಿದ ಕ್ಯಾಲೆಂಡರು ಅಂತ ಬರೆದಿದ್ದೆ. ನೀವೆಲ್ಲ ನಕ್ಕಿದ್ದಿರಿ.

ನಾವು ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳುವುದನ್ನೆಲ್ಲ ಹೇಳಿದೆ. ಗೌರವ್ವ ಬಾಗಿಲಲ್ಲಿ ಕೂತು ಬರೀ ಉಸಿರಾಡಿದಳು. ನೀಲವ್ವ ರೊಟ್ಟಿ ತಿರುವಿ ಹಾಕಿ ಕೇಳಿದಳು:

“ಆ ಬುಕ್ಕಿನ್ಯಾಗ ನನ್ನ ಸಹಿ ಐತೇನ್ರಿ, ಅತ್ತಿ?”

“ಐತಿ. ಎಲ್ಲಾರ್ಕಿಂತ ಮ್ಯಾಲ ಐತಿ.”

ಅವಳು ಕೈ ತೊಳೆದುಕೊಂಡು, ನಾಳೆ ಸಭೆ ಅಂತ ಡಂಗುರ ಹೊಡೆಸಲು ಫಕೀರಪ್ಪನಿಗೆ ಹೇಳಿ ಕಳಿಸಿದಳು. ಒಳಗಿನಿಂದ ಚನ್ನಪ್ಪ, ತಲೆ ಕೆಟ್ಟಿದೆಯೇನು, ಕುರ್ಚಿ ಹೋಗುತ್ತದೆ ಅಂತ ಗದರಿದ.

“ಕುರ್ಚಿಮ್ಯಾಲ ಕುಂತಾವ್ರು ನೀವು. ಹೋದ್ರ ನಿಮ್ಮದ ಹೋಗತೈತಿ,” ಅಂದಳು ನೀಲವ್ವ.

ಕ್ಯಾಲೆಂಡರು ಮಾತಾಡಿತು. ನಾನು ಬಾಯಿ ಮುಚ್ಚಿಕೊಂಡೆ. ಇದು ಅಪರೂಪ, ಬರೆದಿಟ್ಟುಕೊಳ್ಳಿ.

ಮರುದಿನ ಕನ್ನಡ ಸಾಲಿಯ ಮುಂದೆ ಜನ ಸೇರಿದರು. ಎಂದೂ ನಡೆಯದ ಸಭೆ ನಿಜವಾಗಿ ನಡೆಯುತ್ತದಂತೆ ಅಂತ ಅರ್ಧ ಜನ ತಮಾಷೆ ನೋಡಲು ಬಂದಿದ್ದರು. ನೀರಿನ ಪೈಪಿನ ಜಗಳದಲ್ಲಿ ಮಾತು ಬಿಟ್ಟ ಎರಡು ಓಣಿಯವರು ಆ ಬದಿಗೊಬ್ಬರು ಈ ಬದಿಗೊಬ್ಬರು ಕೂತರು. ನೀಲವ್ವ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಹ್ವಾದ ತಿಂಗಳ ಸಭಾ ಆಗಿಲ್ಲ. ನಾ ಮನ್ಯಾಗ ಇದ್ದೆ. ಸಭಾ ಆಗೇತಿ ಅಂತ ಸಹಿ ಮಾಡೇನಿ. ಅದು ಸುಳ್ಳು. ಬರಕೋರಿ, ಸೆಕ್ರೆಟರಿ ಸಾಹೇಬ್ರ.”

ಸೆಕ್ರೆಟರಿಯ ಪೆನ್ನು ನಿಂತಿತು. ಒಬ್ಬ ಮನುಷ್ಯ ನಾಲ್ಕು ಜನರ ಮುಂದೆ ತಾನಾಗಿ ತಪ್ಪು ಒಪ್ಪುವುದನ್ನು ನೀವು ಯಾವಾಗ ನೋಡಿದ್ದೀರಿ? ಅದೂ ಪದವಿಯಲ್ಲಿ ಇದ್ದವರು?

ಆಮೇಲೆ ಫಕೀರಪ್ಪ ಎದ್ದ. ಮನೆಮನೆಗೆ ಹೋಗಿ ಒತ್ತಿಸಿದವನು ನಾನು, ನನ್ನ ಹೆಸರೂ ಬರೆಯಿರಿ ಅಂದ. ಅವನ ಹಿಂದೆ ಒಬ್ಬ ಮುದುಕ ಎದ್ದು, ಆ ದಿನ ತಾನು ಊರಲ್ಲೇ ಇರಲಿಲ್ಲ, ಬೈಲಹೊಂಗಲಕ್ಕೆ ಮದುವೆಗೆ ಹೋಗಿದ್ದೆ, ಹಾಗಾದರೆ ತನ್ನ ಹೆಸರಿನ ಮುಂದಿನ ಹೆಬ್ಬೆಟ್ಟು ಯಾರದು ಅಂತ ಕೇಳಿದ.

“ಅದು ನನ್ನ ಎಡಗೈದ್ರೀ, ಯಜ್ಜಾ,” ಅಂದ ಫಕೀರಪ್ಪ.

ಎರಡೂ ಓಣಿಯವರು ಒಟ್ಟಿಗೆ ನಕ್ಕರು. ಆ ನಗು ಒಂದು ಕಟ್ಟೆ ಒಡೆದ ಹಾಗೆ. ಒಬ್ಬೊಬ್ಬರಾಗಿ ಏಳತೊಡಗಿದರು. ನಾ ಹೊಲದಲ್ಲಿದ್ದೆ. ನಾ ಎಮ್ಮೆ ಹಿಂಡುತ್ತಿದ್ದೆ. ನಾ ಮಲಗಿದ್ದೆ. ನಾನೂ ಸುಳ್ಳು. ನಾನೂ ಸುಳ್ಳು.

ನನ್ನ ಸರದಿ ಬಂತು. ವಾರವಾರ ಕಂಡವರ ಸುಳ್ಳನ್ನು ಎತ್ತಿ ಆಡುವವಳು ನಾನು. ಏಳುವ ಮೊದಲು ಎರಡು ಸಲ ಸೀರೆ ಸರಿ ಮಾಡಿಕೊಂಡೆ. (ಸೀರೆ ಸರಿಯಾಗಿಯೇ ಇತ್ತು.) ಎದ್ದೆ. ಶೇಂಗಾ ಒಡೆಯುತ್ತ ಸಹಿ ಮಾಡಿದೆ, ಓದಲಿಲ್ಲ ಅಂದೆ.

ಗೌರವ್ವನಿಗೆ ನಿಲ್ಲಲು ಆಗಲಿಲ್ಲ. ಕೂತಲ್ಲಿಂದಲೇ, ಎರಡು ಸಲ ಉಸಿರು ತೆಗೆದುಕೊಂಡು ಹೇಳಿದಳು:

“ನಾ ಸಾಯಾಕ ತಕರಾರ ಇಲ್ಲಂತ ಒತ್ತೇನಂತ. ತಕರಾರ ಐತ್ರಿ.”

ಅವಳು ಹೇಳಿದ ಆ ಎರಡು ಶಬ್ದವನ್ನೇ ಹೊಸ ಠರಾವಿನಲ್ಲಿ ಬರೆದರು. ಸರಕಾರ ತನ್ನ ಪಾಲು ಕಡಿಮೆ ಮಾಡುವುದಕ್ಕೆ ಈ ಊರಿನ ತಕರಾರು ಇದೆ. ಈ ಸಲ ರಜಿಸ್ಟರಿಗಾಗಿ ಜನ ಸಾಲು ಹಚ್ಚಿ ನಿಂತರು. ಮೊದಲು ಓದಿ ಹೇಳಿಸಿಕೊಂಡರು, ಆಮೇಲೆ ಒತ್ತಿದರು.

ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಹೊಳೆಯನ್ನೇ ನಿಲ್ಲಿಸಿದ್ದನ್ನು ಈ ಕಣ್ಣುಗಳು ಕಂಡಿವೆ. ಎಲ್ಲರೂ ಬಾಯಿ ಬಿಟ್ಟು ನಿಂತಾಗ ನಾನು ಬುತ್ತಿ ಬಿಚ್ಚಿದವಳು. ಆದರೆ ಒಂದು ಊರಿಗೆ ಊರೇ ಒಬ್ಬ ಹೆಂಗಸಿನ ಉಸಿರಿಗಾಗಿ ಎದ್ದು ನಿಂತು 'ನಾ ಸುಳ್ಳು ಮಾಡಿದೆ' ಅಂದಿತಲ್ಲ, ಆ ದಿನ ಮನೆಗೆ ಹೋಗಿ ಊಟ ಮಾಡುವುದನ್ನೇ ಮರೆತೆ.

ಠರಾವು ತಾಲೂಕಿಗೆ, ಸವದತ್ತಿಗೆ ಹೋಯಿತು. ಈ ವರ್ಷ ಪಾಳಿಯ ಪ್ರಕಾರ ನಮ್ಮ ಅಧ್ಯಕ್ಷೆಗೂ ತಾಲೂಕು ಪಂಚಾಯಿತಿಯಲ್ಲಿ ಜಾಗವಿದೆ. ಅಲ್ಲಿನ ಸಭೆಯ ದಿನ ಚನ್ನಪ್ಪ ಗಾಡಿ ಹೊಡೆದುಕೊಂಡು ಬಂದವನು ಹೊರಗೆ ಚಹಾ ಕುಡಿಯುತ್ತ ನಿಂತ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನೀಲವ್ವ ಅಕ್ಷರ ಅಕ್ಷರ ಕೂಡಿಸಿ ಪೂರಾ ಓದಿದಳು, ತನ್ನ ಸುಳ್ಳನ್ನೂ ಸೇರಿಸಿ. ಓದಿ ಮುಗಿದ ಮೇಲೆ ಬೇರೆ ಊರಿನ ಅಧ್ಯಕ್ಷರೊಬ್ಬರು, ಬಿಳಿ ಮೀಸೆಯವರು, ನಿಧಾನಕ್ಕೆ ಎದ್ದರು. ತಮ್ಮೂರಲ್ಲೂ ಆ ಸಭೆ ನಡೆದಿಲ್ಲ ಅಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಇನ್ನೊಬ್ಬಳು. ಮಧ್ಯಾಹ್ನದ ಹೊತ್ತಿಗೆ ತಾಲೂಕಿನದೇ ತಕರಾರು ಬರೆದು ಮೇಲಕ್ಕೆ ಕಳಿಸಿದರು.

ಉತ್ತರ ಮೊನ್ನೆ ಬಂತು. ಪಾಲಿನ ಕಡಿತವನ್ನು ಸದ್ಯಕ್ಕೆ ತಡೆದಿದ್ದಾರೆ. ತಾರೀಖು ಸಿಕ್ಕವರ ಆಪರೇಷನ್ ಆಗುತ್ತದೆ. ಗೌರವ್ವ ಗುರುವಾರ ಬೆಳಗಾವಿಗೆ ಹೊರಟಿದ್ದಾಳೆ, ಜೊತೆಗೆ ನಾನು. ಬದುಕುತ್ತಾಳೋ ಇಲ್ಲವೋ ಡಾಕ್ಟರು ಹೇಳಬೇಕು. ಸರಕಾರ ಅಲ್ಲ. ಅಷ್ಟು ಸಾಕು.

ಅದೇ ಟಪ್ಪಾಲಿನಲ್ಲಿ ನೀಲವ್ವನ ಹೆಸರಿಗೆ ಒಂದು ನೋಟಿಸೂ ಇತ್ತು. ನಡೆಯದ ಸಭೆಗೆ ಸಹಿ ಮಾಡಿದ್ದೇಕೆ, ಹುದ್ದೆಯಿಂದ ಏಕೆ ತೆಗೆಯಬಾರದು, ಉತ್ತರ ಕೊಡಿ ಅಂತ.

ಹತ್ತು ವರ್ಷ ಸುಳ್ಳು ಬರೆದಾಗ ಸುಮ್ಮನಿದ್ದವರು, ಒಂದು ದಿನ ನಿಜ ಬರೆದ ಕೂಡಲೇ ನೋಟಿಸು ಕಳಿಸುತ್ತಾರಲ್ಲ, ಅವರಿಗೆ ನಮ್ಮ ಸಭೆ ನಡೆಯದಿದ್ದರೆ ಚಿಂತೆಯೋ, ನಡೆದರೆ ಚಿಂತೆಯೋ?