ಕಿವಿಯಲ್ಲಿ ಹೇಳದ ಹೆಸರು

ಅಣ್ಣನ ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಹೊಸನಗರಕ್ಕೆ ಹೋದಾಗ ನನ್ನ ಸ್ತನ ಕ್ಯಾನ್ಸರಿನ ರೇಡಿಯೇಷನ್ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಸೋದರತ್ತೆಯೇ ಕಿವಿಯಲ್ಲಿ ಹೆಸರು ಹೇಳುವುದು ನಮ್ಮಲ್ಲಿ ಪದ್ಧತಿ. ಅಣ್ಣನಿಗೆ ನಾನೊಬ್ಬಳೇ ತಂಗಿ. ಯಂತ್ರದ ಕೆಳಗೆ ಅಲುಗಾಡದೆ ಮಲಗಿದ್ದಾಗಲೆಲ್ಲ ಆ ಹೆಸರನ್ನೇ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ.

ಕೈ ಚಾಚಿದೆ. ಅತ್ತಿಗೆ ಮಗುವನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಅವಳಿಗೆ ಬಹುವಚನ ಕೊಡಲು ನನಗೆ ಇವತ್ತಿಗೂ ಮನಸ್ಸಿಲ್ಲ.

"ಮುಟ್ಬೇಡ ಮಾರಾಯ್ತಿ! ನಿನ್ ಮೈಯಿಂದ ಆ ಕಿರಣ ಎಲ್ಲ ಮಗೂಗೆ ಹೊಡೀತದೆ."

"ಅದು ಯಂತ್ರದಿಂದ ಬರೋದು ಅತ್ತಿಗೆ. ಯಂತ್ರ ನಿಲ್ಸಿದ್ರೆ ಮುಗೀತು. ಡಾಕ್ಟ್ರೇ ಹೇಳಿದಾರೆ."

"ಡಾಕ್ಟ್ರಿಗೇನು, ಅವ್ರ ಮಗು ಅಲ್ವಲ್ಲ!"

ಅಣ್ಣ ನೆಲ ನೋಡಿದ. ಪಕ್ಕದ ಮನೆಯವಳು ಹೆಸರು ಹೇಳಿದಳು. ನನಗೆ ಹಿತ್ತಿಲ ಕಡೆ ಬೇರೆ ಎಲೆ ಹಾಕಿದ್ದರು. ಈ ಅತ್ತಿಗೆಗೆ ಬುದ್ಧಿ ಕಲಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡು, ಉಣ್ಣದೆ ಎದ್ದು ಬಸ್ಸು ಹತ್ತಿದೆ.

ಹದಿನಾರು ವರ್ಷವಾದರೂ ಕ್ಯಾನ್ಸರ್ ಮತ್ತೆ ಬರಲಿಲ್ಲ. ಸಿಟ್ಟು ಮಾತ್ರ ಹೋಗಲಿಲ್ಲ. ನಾನು ರಿಪ್ಪನ್‌ಪೇಟೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಈ ವರ್ಷ ಅಣ್ಣನ ಆ ಮಗಳೇ ನನ್ನ ಕ್ಲಾಸಿಗೆ ಸೇರಿದಳು. ಪೋಷಕರ ಸಭೆಯ ದಿನ ಅಪ್ಪ ಅಮ್ಮಂದಿರನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿ ಒಂದು ಪಾಠ ಮಾಡಬೇಕಿತ್ತು. ಯಾವ ಪಾಠವೆಂದು ನಾನೇ ಆರಿಸಿದೆ, ಬೇಕೆಂದೇ.

ಲಂಗುಲಗಾಮಿಲ್ಲದೆ ಬೆಳೆಯುವ ಕ್ಯಾನ್ಸರ್ ಜೀವಕೋಶಗಳ ಚಿತ್ರವನ್ನು ಬೋರ್ಡಿನ ಮೇಲೆ ಬರೆದೆ. ಕಿರಣ ಅವುಗಳ ಡಿಎನ್‌ಎ ಕೆಡಿಸುತ್ತದೆ, ಅವು ಮತ್ತೆ ಬೆಳೆಯಲಾಗದೆ ಸಾಯುತ್ತವೆ. ಪಕ್ಕದ ಒಳ್ಳೆಯ ಜೀವಕೋಶಗಳೂ ಪೆಟ್ಟು ತಿನ್ನುತ್ತವೆ, ಆದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ ಎಂದೆ. ಆಮೇಲೆ ಕೇಳಿದೆ: "ಹೊರಗಿನ ಯಂತ್ರದಿಂದ ರೇಡಿಯೇಷನ್ ತಗೊಂಡು ಮನೆಗೆ ಬಂದವರು ಮಗು ಎತ್ಕೋಬಹುದಾ?"

ಅಣ್ಣನ ಮಗಳೇ ಎದ್ದಳು. "ಇಲ್ಲ ಮೇಡಂ. ಕಿರಣ ಮಗೂಗೆ ಹೊಡೀತದೆ. ಅಮ್ಮ ಹೇಳಿದಾರೆ."

ಅವಳ ಕೈಗೆ ಟಾರ್ಚ್ ಕೊಟ್ಟು ಗೋಡೆಯ ಮೇಲೆ ಬೆಳಕು ಬಿಡಿಸಿದೆ. "ಆರ್ಸು. ಈಗ ಗೋಡೆಯಿಂದ ಬೆಳಕು ಬರ್ತಾ ಇದೆಯಾ?"

"ಇಲ್ಲ."

"ಯಂತ್ರ ನಿಂತ ಮೇಲೆ ಮೈಯಲ್ಲೂ ಅಷ್ಟೇ. ಕಿರಣ ಉಳಿಯಲ್ಲ. ಧಾರಾಳವಾಗಿ ಎತ್ಕೋಬಹುದು."

ಹುಡುಗಿ ಕೂರಲಿಲ್ಲ. ಮೇಡಂ ಅನ್ನುವುದನ್ನೂ ಮರೆತಳು. "ಹಾಗಾದ್ರೆ ಅತ್ತೆ, ನನ್ ಕಿವೀಲಿ ಹೆಸರು ನೀವ್ಯಾಕೆ ಹೇಳ್ಲಿಲ್ಲ?"

ಹಿಂದಿನ ಬೆಂಚಿನಲ್ಲಿ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಅವಳತ್ತ ತಿರುಗಿದರು. ನಾನು ಏನೋ ಒಂದು ನೆಪ ಹೇಳಿ ಅವಳನ್ನು ಪಾರುಮಾಡಬಹುದಿತ್ತು.

"ನಿಮ್ಮಮ್ಮ ಅಲ್ಲೇ ಇದಾರಲ್ಲ, ಕೇಳು," ಎಂದೆ. ಚಾಕ್‌ಪೀಸ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಉತ್ತರ ಕೇಳಲು ಕೂತೆ.