ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ, ಏಳನೆಯ ತರಗತಿಯ ನಡುವೆ. ಮನೆಯವರು ಬಿಡಿಸಲಿಲ್ಲ, ಭಿನ್ನರಾಶಿ ಬಿಡಿಸಿತು. ಮುಕ್ಕಾಲರಲ್ಲಿ ಅರ್ಧ ಕಳೆದರೆ ಎಷ್ಟು ಎಂದು ಮಾಸ್ತರು ಕೇಳಿದಾಗ ಕಿಟಕಿಯಾಚೆ ನೋಡುತ್ತಿದ್ದವನು ನಾನು. ಮರುವರ್ಷ ದೇವದುರ್ಗದಲ್ಲಿ ಉಸ್ತಾದರ ಹೊಲಿಗೆ ಅಂಗಡಿಗೆ ಸೇರಿಕೊಂಡೆ. ಅಲ್ಲಿ ದಿನವಿಡೀ ಕೂಡಿ ಕಳೆಯಬೇಕಾದದ್ದು ಕಾಲು, ಅರ್ಧ, ಮುಕ್ಕಾಲು ಇಂಚುಗಳನ್ನೇ! ಆದರೂ ಹೆಮ್ಮೆಯಿಂದ ಹೇಳುತ್ತೇನೆ, ಆಮೇಲೆ ನನಗೆ ಅಳತೆಯ ಲೆಕ್ಕ ತಪ್ಪಲಿಲ್ಲ. ಲೆಕ್ಕ ಸರಿಯಿದ್ದೂ ತಪ್ಪಿದ್ದು ಒಂದು ಸಲ. ಅದನ್ನು ಹೇಳಬೇಕೆಂದು ವರ್ಷದಿಂದ ಅಂದುಕೊಂಡಿದ್ದೇನೆ.

ಉಸ್ತಾದರು ಹೆಚ್ಚು ಮಾತಾಡುತ್ತಿರಲಿಲ್ಲ. ಬಾಯಲ್ಲಿ ಎಲೆ, ಬೆರಳಲ್ಲಿ ಸೂಜಿ. ಅವರು ನನಗೆ ಬಾಯಿಬಿಟ್ಟು ಕಲಿಸಿದ ಪಾಠ ಒಂದೇ: "ಬೇಟಾ, ದೊಡ್ಡವ್ರ ಬಟ್ಟಿ ಇವತ್ತಿಗೆ ಹೊಲಿ. ಸಣ್ಣ ಮಕ್ಕಳ ಬಟ್ಟಿ ಬರೋ ವರ್ಷಕ್ಕ ಹೊಲಿ. ಒಳಗ ಎರಡು ಬೆರಳು ಬಿಡು." ಮಕ್ಕಳು ಬೆಳೆದಂತೆ ಹೊಲಿಗೆ ಬಿಚ್ಚಿ, ಆ ಎರಡು ಬೆರಳನ್ನು ಹೊರಗೆ ಬಿಟ್ಟು ಹೊಲಿದು ಕೊಡಬೇಕು. ಮಾನ್ವಿಯಲ್ಲಿ ನನ್ನದೇ ಅಂಗಡಿ ಇಟ್ಟ ಮೇಲೂ ಬೇವು ಹೂಬಿಡುವ ಕಾಲಕ್ಕೆ ನನಗೆ ಹೆಚ್ಚಾಗಿ ಅದೇ ಕೆಲಸ. ಯುಗಾದಿ ಬಂತೆಂದರೆ ತಾಯಂದಿರು ಹೋದ ವರ್ಷದ ಲಂಗ ಜಂಪರು ಹಿಡಿದು ಬರುತ್ತಾರೆ. ಮಲ್ಲಟದ ಕಡೆಯಿಂದ ಒಬ್ಬ ಮುದುಕಿ ಬರುತ್ತಿದ್ದಳು. ಮೊಮ್ಮಗಳನ್ನು ಕರೆತರದೆ ಒಂದು ದಾರ ತರುತ್ತಿದ್ದಳು. ಮೊದಲ ಗಂಟು ತೋಳು, ಎರಡನೆಯದು ಸೊಂಟ, ಮೂರನೆಯದು ಎದೆ. ಟೇಪು ಹುಟ್ಟುವ ಮೊದಲು ಜಗತ್ತೆಲ್ಲ ಹೀಗೇ ಬಟ್ಟೆ ಹೊಲಿಸಿರಬೇಕು. ಆ ದಾರ ನೋಡಿದರೆ ಸಾಕು, ಹುಡುಗಿ ಎಷ್ಟು ಬೆಳೆದಿದ್ದಾಳೆ ಎಂದು ನನ್ನ ಕಣ್ಣಿಗೆ ಕಾಣುತ್ತಿತ್ತು. ಕಂಡೇ ಇರದ ಹುಡುಗಿ ಕಾಣುತ್ತಿದ್ದಳು, ನೋಡಿ. ಇದನ್ನು ನೆನಪಿಡಿ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅಂಬಿಕಾ, ಹೋದ ವರ್ಷ ಅವಳಿಗೆ ಹನ್ನೊಂದು. ಚಿಕ್ಕವಳು ಪಲ್ಲವಿ, ಏಳು. ಬೇರೆಯವರು ಮಕ್ಕಳ ಫೋಟೋ ತೆಗೆಸಿ ಗೋಡೆಗೆ ಹಾಕುತ್ತಾರೆ. ನಾನು ಯುಗಾದಿಗೆ ವಾರವಿರುವಾಗ ಇಬ್ಬರನ್ನೂ ನಿಲ್ಲಿಸಿ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಡುತ್ತೇನೆ. ಆ ಹಾಳೆಗಳಲ್ಲಿ ನಮ್ಮ ಮನೆಯ ಚರಿತ್ರೆಯೇ ಇದೆ. ಅಂಬಿಕಾ ಮೆಷಿನ್ನಿನ ಹಲಗೆಗಿಂತ ಎತ್ತರವಾದ ವರ್ಷ. ಪಲ್ಲವಿಯ ಮುಂದಿನ ಹಲ್ಲೆರಡೂ ಬಿದ್ದು, ಅಳತೆ ಕೊಡುವಾಗಲೂ ಬಾಯಿ ಮುಚ್ಚಿಕೊಂಡೇ ನಿಂತ ವರ್ಷ. ನಾನು ಬರೆದದ್ದು ಬರೀ ಅಂಕಿ. ಓದುವಾಗ ಮಾತ್ರ ಎಲ್ಲ ಬರುತ್ತದೆ.

ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಅಂಬಿಕಾ ಅಂಗಡಿಗೆ ಬಂದು, "ಅಪ್ಪಾ, ಸಾಲಿ ಲಂಗ ಜಾರಾಕತ್ತದ" ಅಂದಳು. ಹುಕ್ಕನ್ನು ಅರ್ಧ ಇಂಚು ಒಳಗೆ ಹಾಕಿಕೊಟ್ಟೆ. ಒಂದು ವಾರಕ್ಕೆ ಮತ್ತೆ ಬಂದಳು. ಇನ್ನರ್ಧ ಇಂಚು. ಹೋಳಿಹುಣ್ಣಿಮೆಗೆ ಅಂಗಿ ಸಡಿಲವಾಯಿತು. ಎರಡೂ ಪಕ್ಕ ಹಿಡಿದು ಹೊಲಿದೆ. "ಏನಬೇ, ನಿಮ್ಮವ್ವ ನಿನ್ನ ಪಾಲಿಂದೂ ಪಲ್ಲವಿಗೇ ಹಾಕ್ತಾಳೇನು?" ಎಂದು ನಗೆಯಾಡಿದೆ ಬೇರೆ. ಹೊಲಿಗೆ ಎಷ್ಟು ಚೆನ್ನಾಗಿತ್ತೆಂದರೆ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ.

ಹೆಂಡತಿ ಈರಮ್ಮ ಎರಡು ಸಲ ಹೇಳಿದಳು. "ರೀ, ಹುಡಿಗಿ ಸೊರಗಾಕತ್ಯಾಳ. ಕೊಡಗಟ್ಲೆ ನೀರು ಕುಡಿತಾಳ, ಗಳಿಗಿಗೊಮ್ಮೆ ಬಚ್ಚಲಕ್ಕ ಓಡ್ತಾಳ."

"ಈ ಬಿಸಿಲಾಗ ನೀರು ಕುಡೀಲಾರದ ಇನ್ನೇನು ಕುಡೀಬೇಕು? ನಾನೂ ಕುಡಿತೀನಿ, ಎಮ್ಮಿನೂ ಕುಡಿತಾವ" ಅಂದೆ.

ದೇವದುರ್ಗದಿಂದ ಈರಮ್ಮನ ಚಿಕ್ಕಮ್ಮ ಫೋನಿನಲ್ಲಿ, "ದೊಡ್ಡಾಕಿ ಆಗೋ ವಯಸ್ಸು ಬೇ, ಹಂಗೇ ಒಣಗತಾರ. ತುಪ್ಪ ಬೆಲ್ಲ ಹಾಕು" ಅಂದಳು. ಹಾಕಿದೆವು, ದಿನಾ ಎರಡು ಹೊತ್ತು. ನಮ್ಮ ಕಡೆ ಎಲ್ಲದಕ್ಕೂ ಉತ್ತರ ಇರುತ್ತದೆ, ಕೇಳಬೇಕಾದ ಪ್ರಶ್ನೆಯೊಂದನ್ನು ಬಿಟ್ಟು.

ಯುಗಾದಿಗೆ ವಾರವಿತ್ತು. ಅಂಬಿಕಾಳನ್ನು ನಿಲ್ಲಿಸಿ ಟೇಪು ಸುತ್ತಿದೆ. ಎದೆ ಇಪ್ಪತ್ತಮೂರು. ಪುಸ್ತಕ ತೆರೆದರೆ ಅದರ ಹಿಂದಿನ ವರ್ಷದ್ದು ಇಪ್ಪತ್ತೈದು. ಈಗ, ನೀವು ತಂದೆಯಾಗಿದ್ದರೆ ಮಗಳ ಮುಖ ನೋಡುತ್ತಿದ್ದಿರಿ. ನಾನು ದರ್ಜಿ, ಟೇಪು ನೋಡಿದೆ. ಟೇಪು ಹಳತಾದರೆ ಎಳೆದಾಡಿ ಉದ್ದವಾಗುತ್ತದೆ, ಆಗ ಅಳತೆ ಕಡಿಮೆ ತೋರಿಸುತ್ತದೆ. ಇದು ನಮ್ಮ ಕಸಬಿನ ಪ್ರತಿಯೊಬ್ಬನಿಗೂ ಗೊತ್ತಿರುವ ಮಾತು. ಪಲ್ಲವಿ ಅದರಲ್ಲಿ ಹಗ್ಗದಾಟ ಆಡಿದ್ದನ್ನು ಒಮ್ಮೆ ಕಂಡಿದ್ದೆ.

"ಯಾಕ ಮುಟ್ಟಿದಿಲೇ ಟೇಪು? ಎಳದು ಹಾಳು ಮಾಡಿದಿ ನೋಡು!"

"ಇಲ್ಲಪ್ಪಾ, ಒಂದೇ ಸಲ ಆಡಿದ್ದು. ನಿನ್ನಾಣಿ, ಎಳದಿಲ್ಲ."

ಬೆನ್ನಿಗೆ ಒಂದು ಕೊಟ್ಟೆ. ಅವಳು ಅಳುತ್ತ ಒಳಗೆ ಹೋದಳು. ಹೊಸ ಟೇಪು ತಂದು ಮತ್ತೆ ಅಳೆದೆ. ಇಪ್ಪತ್ತಮೂರೇ. ಆಗಲಾದರೂ ಕಣ್ಣು ತೆರೆಯಬೇಕಿತ್ತು. ಹಿಂದಿನ ವರ್ಷ ಅವಸರದಲ್ಲಿ ತಪ್ಪು ಬರೆದಿರಬೇಕು ಎಂದುಕೊಂಡು, ಇಪ್ಪತ್ತೈದರ ಮೇಲೆ ಗೀಟು ಹಾಕಿ ಇಪ್ಪತ್ತೆರಡೂವರೆ ಎಂದು ತಿದ್ದಿದೆ. ಲೆಕ್ಕ ಕೂಡಿತು. ಮಗಳು ವರ್ಷದಲ್ಲಿ ಅರ್ಧ ಇಂಚು ಬೆಳೆದಂತಾಯಿತು.

ಆರನೆಯ ದಿನ ಅವಳಿಗೆ ವಾಂತಿ ಹಿಡಿಯಿತು. ಮಧ್ಯಾಹ್ನದೊಳಗೆ ಮೇಲುಸಿರು. ಬಿಸಿಲು ಬಡಿದಿದೆ ಎಂದು ಓಣಿಯವರು ಈರುಳ್ಳಿ ಜಜ್ಜಿ ಅಂಗಾಲಿಗೆ ಹಚ್ಚಿದರು. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ರಾಯಚೂರಿಗೆ ಹೊರಟೆವು. ಕಲ್ಲೂರು ದಾಟುವಾಗ ಒಮ್ಮೆ ಕಣ್ಣು ಬಿಟ್ಟು, "ಅಪ್ಪಾ, ಹಬ್ಬದ ಜಂಪರಿಗೆ ಗುಂಡಿ ಹಚ್ಚಿದೇನು?" ಅಂದಳು. ಹಚ್ಚೀನಿ ಅಂದೆ. ಹಚ್ಚಿರಲಿಲ್ಲ. ಆಮೇಲೆ ಎರಡು ದಿನ ಅವಳು ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಮಗಳಿಗೆ ಅಕ್ಕನಾಗಬಹುದಾದ ವಯಸ್ಸಿನ ಡಾಕ್ಟರಮ್ಮ. ರಕ್ತದಲ್ಲಿ ಸಕ್ಕರೆ ಏರಿ ಮೈಯೆಲ್ಲ ವಿಷವಾಗಿದೆ ಅಂದರು. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ. "ಯಾವಾಗಿಂದ ಸೊರಗ್ಯಾಳ್ರಿ?" ಎಂದು ಕೇಳಿದರು. ನಾನು ತಡವರಿಸದೆ ಹೇಳಿದೆ: ಶಿವರಾತ್ರಿಗೆ ಸೊಂಟ ಅರ್ಧ ಇಂಚು, ಒಂದು ವಾರಕ್ಕೆ ಮತ್ತರ್ಧ, ಹೋಳಿಹುಣ್ಣಿಮೆಗೆ ಪಕ್ಕಗಳು ಕೂಡಿ ಒಂದು, ಮೊನ್ನೆ ಎದೆ ಒಟ್ಟು ಎರಡು ಇಂಚು ಕಡಿಮೆ. ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ತಲೆ ಎತ್ತಿದರು.

"ಇಷ್ಟು ಸರಿಯಾಗಿ ಹೇಳ್ತೀರಿ. ನೋಡ್ಲಿಲ್ಲೇನ್ರಿ?"

ಬೈದಿದ್ದರೆ ಸಹಿಸಬಹುದಿತ್ತು. ಅವರು ನಿಜವಾಗಿ ಕೇಳಿದ್ದರು. ಏಳನೆಯ ತರಗತಿಯ ಆ ಪ್ರಶ್ನೆಯ ಮುಂದೆ ನಿಂತಂತೆ ನಿಂತೆ. ನೋಡಲು ಕಿಟಕಿಯೂ ಇರಲಿಲ್ಲ.

ಯುಗಾದಿ ಆಸ್ಪತ್ರೆಯ ವರಾಂಡದಲ್ಲೇ ಕಳೆಯಿತು. ಹಬ್ಬದ ಮರುದಿನ ಅಂಬಿಕಾ ನೀರು ಕೇಳಿದಳು. ಬದುಕಿರುವಷ್ಟು ದಿನ ದಿನಕ್ಕೆ ನಾಲ್ಕು ಸೂಜಿ ಎಂದು ಹೇಳಿ ಕಳಿಸಿದರು. ಇದು ಇಳಿಯುವ ರೋಗವಲ್ಲ. ಒಂದು ಹೊತ್ತು ತಪ್ಪಿದರೂ ಮತ್ತೆ ಆ ಜೀಪು, ಆ ರಸ್ತೆ. ದೇವದುರ್ಗದ ಚಿಕ್ಕಮ್ಮ, "ಯಾರ ಮುಂದೂ ಅನಬ್ಯಾಡ್ರಿ, ನಾಳೆ ಹೆಣ್ಣು ಕೇಳಾಕ ಯಾರೂ ಬರಂಗಿಲ್ಲ" ಅಂದಳು. ನಾನು ಇಲ್ಲಿ ಬರೆದುಬಿಟ್ಟಿದ್ದೇನೆ.

ಮನೆಯಲ್ಲಿ ಮೊದಲ ದಿನ ಚುಚ್ಚಬೇಕಾದವನು ನಾನು. ಹದಿಮೂರು ವಯಸ್ಸಿನಿಂದ ಸೂಜಿಯಲ್ಲೇ ಬದುಕಿದ ಕೈ ಚುಚ್ಚುವ ಜಾಗವನ್ನು ಹತ್ತಿಯಿಂದ ಮೂರು ಸಲ ಒರೆಸಿತು. ಅವಳೇ ನೋಡಿ ನೋಡಿ, "ಕೊಡಪ್ಪಾ ಇಲ್ಲಿ, ನೀ ಹಿಂಗ ಒರಸ್ಕೋತ ಕುಂತ್ರ ನಾ ಸಾಯ್ತೀನಿ" ಎಂದು ಕಸಿದುಕೊಂಡು ಹೊಟ್ಟೆಗೆ ಚುಚ್ಚಿಕೊಂಡಳು. ಮಗು ಮೊದಲು ನಡೆದದ್ದು, ಮೊದಲು ಓದಿದ್ದು ಎಲ್ಲ ತಂದೆಗೆ ಹಬ್ಬ. ಇದನ್ನು ಯಾವ ಹಾಳೆಯಲ್ಲಿ ಬರೆಯಲಿ? ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಈ ವರ್ಷ ಬೇವು ಮತ್ತೆ ಹೂಬಿಟ್ಟಿದೆ. ಮೊನ್ನೆ ಅಂಬಿಕಾಳನ್ನು ನಿಲ್ಲಿಸಿ ಮೊದಲು ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪು ಹಾಗೇ ಇದೆ. ಆಮೇಲೆ ಟೇಪು ಸುತ್ತಿದೆ. ಟೇಪು ಹಿಡಿಯಲು ಪಲ್ಲವಿಯನ್ನೇ ಕರೆದಿದ್ದೆ. "ಈ ಸಲನೂ ಕಡಿಮಿ ಬಂದ್ರ ನನಗ ಬಡೀಬ್ಯಾಡ" ಅಂದಳು. ಬಡಿಯುವುದಿಲ್ಲ ಅಂದೆ, ಹೋದ ವರ್ಷ ಬಡಿದದ್ದು ತಪ್ಪು ಎಂದೂ ಅಂದೆ. ಇಪ್ಪತ್ತನಾಲ್ಕೂವರೆ. ನಂಬದೆ ಈರಮ್ಮನನ್ನು ಕರೆದು ಓದಿಸಿದೆ. ಪುಸ್ತಕದಲ್ಲಿ ಗೀಟು ಹಾಕಿದ್ದ ಇಪ್ಪತ್ತೈದನ್ನು ಪಕ್ಕದಲ್ಲಿ ಮತ್ತೆ ಬರೆದೆ. ಗುಂಡಿ ಇಲ್ಲದೆ ಉಳಿದಿದ್ದ ಜಂಪರು ತೆಗೆದು, ಪಕ್ಕದ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆಯನ್ನು ಒಂದು ಬೆರಳು ಹೊರಗೆ ಬಿಟ್ಟೆ. ಇನ್ನೊಂದು ಬೆರಳು ಒಳಗೇ ಇರಲಿ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮೆಷಿನ್ನು ಎರಡು, ಕತ್ತರಿ ಮೂರು, ಟೇಪು ಎರಡು, ಅಳತೆ ಪುಸ್ತಕ ಒಂದು, ದಿನಕ್ಕೆ ಸೂಜಿ ನಾಲ್ಕು, ಹೆಣ್ಣುಮಕ್ಕಳು ಇಬ್ಬರು.