ಮೇಸ್ತ್ರಿ ಎದುರು ಕೂರುವ ಅಕ್ಕ

ಇದು ನಡೆದದ್ದು, ಆಣೆಗೂ ನಡೆದದ್ದು. ಇದರಲ್ಲಿ ಒಂದೆಳೆ ಸುಳ್ಳಿದ್ದರೂ ಹೇಳುವವನ ಬೈಕು ನಡುರಸ್ತೆಯಲ್ಲಿ ಎರಡು ತುಂಡಾಗಿ, ಮುಂದಿನ ಚಕ್ರ ಒಂದೂರಿಗೂ ಹಿಂದಿನ ಚಕ್ರ ಇನ್ನೊಂದೂರಿಗೂ ಹೋಗಲಿ. ಅಲ್ಲಲ್ಲಿ ಸ್ವಲ್ಪ ಗಾಳಿ ತುಂಬಿರಬಹುದು. ಗಾಳಿ ತುಂಬದೆ ಯಾವ ಚಕ್ರ ತಾನೇ ಓಡೀತು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಸ್ತೆ ಗುಡಿಸುವ ಪೊರಕೆಯ ಸದ್ದು ಬಿಟ್ಟರೆ ಓಣಿಯಲ್ಲಿ ನರಪಿಳ್ಳೆ ಇಲ್ಲ. ತಗಡಿನ ಶೆಡ್ಡೊಂದರ ಮುಂದೆ ಬೈಕು ಬಂದು ನಿಲ್ಲುತ್ತದೆ. ಹಿಂದೆ ಬ್ರೆಡ್ಡಿನ ಕ್ರೇಟುಗಳು. ಕ್ರೇಟಿಗೂ ಸವಾರನ ಬೆನ್ನಿಗೂ ನಡುವೆ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತ ಅಕ್ಕ. ಗಂಡ ಸ್ಟ್ಯಾಂಡ್ ಹಾಕಿ ಇಳಿದು, ಅವಳ ಕಂಕುಳಿಗೆ ಕೈ ಕೊಟ್ಟು, ಗಾಜಿನ ಸಾಮಾನು ಇಳಿಸುವ ಹಾಗೆ ಇಳಿಸುತ್ತಾನೆ.

"ಮಾಲು ತಲುಪಿಸಿದೀನಿ. ಸಂಜೆ ವಾಪಸ್ ತಗೊಂಡು ಹೋಗ್ಬೇಕಾ, ಇಲ್ಲಾ ಇವರೇ ಇಟ್ಕೋತಾರಾ?" ಅನ್ನುತ್ತಾನೆ.

"ನಿನ್ನ ಬ್ರೆಡ್ಡಿಗಿಂತ ನಾನೇ ಬೇಗ ಖರ್ಚಾಗ್ತೀನಿ, ಹೋಗ್ ಹೋಗು," ಅನ್ನುತ್ತಾಳೆ ಅಕ್ಕ.

ಶಟರ್ ಮೇಲೇಳುತ್ತದೆ. ಒಳಗಿದ್ದ ಮೇಸ್ತ್ರಿಗೆ ಅಕ್ಕನನ್ನು ಕಂಡದ್ದೇ ಪರೀಕ್ಷೆಗೆ ಓದದೆ ಬಂದ ಹುಡುಗನ ಮುಖ. ಅಕ್ಕ ಅವನ ಮೇಜಿನ ಎದುರು ಸ್ಟೂಲೆಳೆದು ಕೂತು, ಚೀಲದಿಂದ ಗಂಡನ ಹರಿದ ಕಾಲುಚೀಲ ತೆಗೆದು ಹೊಲಿಯತೊಡಗುತ್ತಾಳೆ. ಇವತ್ತು ಮುಗಿಯಬೇಕಾದದ್ದು ಒಬ್ಬ ಗಿಡ್ಡ ನರ್ಸಮ್ಮನ ಬೈಕಿನ ಫ್ರೇಮು. ಮೇಸ್ತ್ರಿಯ ಕಣ್ಣು ಮಾತ್ರ ನಿನ್ನೆ ಬಂದ ಹೊಳೆಯುವ ಪೈಪಿನ ಮೇಲಿದೆ. ಕೈ ಮೆಲ್ಲಗೆ ಅತ್ತ ಹೋಗುತ್ತದೆ. ಅಕ್ಕ ತಲೆ ಎತ್ತುವುದಿಲ್ಲ, ಒಂದೇ ಒಂದು ಸಲ ಕೆಮ್ಮುತ್ತಾಳೆ. ಬಿಸಿ ಪಾತ್ರೆ ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬರುತ್ತದೆ. ನರ್ಸಮ್ಮನ ಫ್ರೇಮಿನ ಮೇಲೆ ಕಿಡಿ ಹಾರತೊಡಗುತ್ತದೆ. ಹೌದು, ಕೂರುವುದೇ ಅಕ್ಕನ ಕೆಲಸ.

ಮೇಸ್ತ್ರಿ ಬೈಕಿನ ಫ್ರೇಮು ಕಟ್ಟುವವನು. ಎಂಜಿನ್ನು, ಚಕ್ರ ಎಲ್ಲ ಬೇರೆಯವರದು. ಅದನ್ನೆಲ್ಲ ಹೊರುವ ಎಲುಬಿನ ಗೂಡು ಇವನದು. ಕಂಪನಿ ಬೈಕು ಮೈಗೆ ಒಗ್ಗದವರೆಲ್ಲ ಇಲ್ಲಿಗೇ ಬರುತ್ತಾರೆ: ತೀರ ಗಿಡ್ಡಗಿರುವವರು, ತೀರ ಉದ್ದಗಿರುವವರು, ಬೆನ್ನು ಹಿಡಿದವರು, ಹೊರೆ ಸಾಗಿಸುವವರು. ಕೈ ಅಂದರೆ ಕೈ. ಇವನ ಫ್ರೇಮಿನ ಮೇಲೆ ಕೂತ ಒಬ್ಬ ಗಿರಾಕಿ, ಒಂದು ಕುಲುಕೂ ಇಲ್ಲದ್ದರಿಂದ ಬೈಕು ಹೊರಟದ್ದೇ ತಿಳಿಯದೆ, ಇನ್ನೂ ಮನೆ ಮುಂದೆಯೇ ಇದ್ದೇನೆ ಅಂದುಕೊಂಡು ಪಕ್ಕದೂರು ತಲುಪಿ ಅಲ್ಲಿ ಯಾರದೋ ಬಾಗಿಲು ತಟ್ಟಿದ್ದ.

ಆದರೆ ಮೇಸ್ತ್ರಿಗೆ ಒಂದೇ ರೋಗ. ಶುರು ಮಾಡುವುದೆಂದರೆ ಹಬ್ಬ, ಮುಗಿಸುವುದೆಂದರೆ ಬೇಜಾರು. ಹೊಸ ಗಿರಾಕಿ ಬಂದನೋ, ಕೈಯಲ್ಲಿದ್ದದ್ದು ಗೋಡೆಗೇರಿತು. ಗೋಡೆ ತುಂಬ ಅರ್ಧಂಬರ್ಧ ಫ್ರೇಮುಗಳು. ಫೋನು ಮಾಡಿದರೆ "ಪೇಂಟ್ ಒಣಗ್ತಿದೆ ಸಾರ್." ಪೈಪು ಕತ್ತರಿಸುವ ಮೊದಲೇ ಪೇಂಟು ಒಣಗುತ್ತಿರುತ್ತದೆ! ಕಡ್ಡಿಯ ಹಾಗಿದ್ದಾಗ ಅಳತೆ ಕೊಟ್ಟು ಹೋದವನೊಬ್ಬ, ಫ್ರೇಮು ಕೈಗೆ ಬರುವಷ್ಟರಲ್ಲಿ ಎಂಥಾ ಹೊಟ್ಟೆ ಬೆಳೆಸಿದ್ದನೆಂದರೆ, ಹ್ಯಾಂಡಲು ಹಿಡಿಯಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಗದರಿದರೆ ಮೇಸ್ತ್ರಿ ಮುನಿಸಿಕೊಂಡು ದಿನವಿಡೀ ಟೀ ಕುಡಿಯುತ್ತಾನೆ. ಹೊಗಳಿದರೆ ಇನ್ನೂ ಕಷ್ಟ, ಹೊಗಳಿದವರಿಗೆಂದು ಇನ್ನೊಂದು ಶುರು ಮಾಡುತ್ತಾನೆ.

ಅಕ್ಕ ಮೊದಲು ಲಾಂಡ್ರಿಯೊಂದರಲ್ಲಿ ನಿಂತು ಇಸ್ತ್ರಿ ಮಾಡುತ್ತಿದ್ದವಳು. ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿತು, ಬಲಗಾಲು ಮಾತ್ರ ಒಂದು ಗೇಣಿಗಿಂತ ಮೇಲೇಳುವುದಿಲ್ಲ, ಹೆಚ್ಚು ಹೊತ್ತು ನಿಲ್ಲಲೂ ಆಗದು. ಲಾಂಡ್ರಿ ಕೆಲಸ ಹೋಯಿತು. ಅದೇ ಸಮಯದಲ್ಲಿ ಗಂಡ ಕ್ರೇಟು ಹೊರಲು ಉದ್ದನೆಯ ಫ್ರೇಮು ಬೇಕೆಂದು ಇದೇ ಮೇಸ್ತ್ರಿಗೆ ಹೇಳಿದ್ದ. ಪೇಂಟು ಒಣಗುತ್ತಲೇ ಇತ್ತು. ಬೇಕರಿಯವರು ಬೇರೆಯವನನ್ನು ನೋಡಿಕೊಳ್ಳುತ್ತೇವೆ ಅಂದರು.

"ಮನೇಲಿ ಸುಮ್ಮನೆ ಕೂರೋ ಬದಲು ಅಲ್ಲೇ ಹೋಗಿ ಕೂತ್ಕೋತೀನಿ ಬಿಡು ಅಂದೆ," ಎಂದು ನೆನೆಯುತ್ತಾಳೆ ಅಕ್ಕ. "ಬೈಲಿಲ್ಲ, ಯಾವಾಗ ಕೊಡ್ತೀಯಾ ಅಂತ ಕೇಳಲೂ ಇಲ್ಲ. ಬೇರೆ ಪೈಪಿಗೆ ಕೈ ಹಾಕಿದಾಗ ಕೆಮ್ಮಿದೆ, ಅಷ್ಟೇ. ಎದುರಿಗೆ ಒಂದು ಜೀವ ಕಾಯ್ತಾ ಕೂತಿದ್ರೆ ಆ ಮನುಷ್ಯನಿಗೆ ಮೋಸ ಮಾಡೋಕೆ ಬರಲ್ಲ. ಒಳ್ಳೇವ್ನು."

ವಾರ ತುಂಬುವ ಮೊದಲೇ ಫ್ರೇಮು ಮನೆಗೆ ಬಂತು. ಸುದ್ದಿ ಹಬ್ಬಿತು. ಗೋಡೆಯಲ್ಲಿ ನೇತಾಡುತ್ತಿದ್ದ ಫ್ರೇಮುಗಳ ಗಿರಾಕಿಗಳೆಲ್ಲ ಅಕ್ಕನ ಮನೆ ಬಾಗಿಲಿಗೆ ಬಂದು ನಿಂತರು. ಈಗ ತಿಂಗಳಿಗೆ ಎರಡೋ ಮೂರೋ ಫ್ರೇಮು ಅಕ್ಕನ ಕೆಮ್ಮಿನಿಂದ ಗೋಡೆ ಇಳಿಯುತ್ತವೆ. ಅಕ್ಕನ ಕೂಲಿ ಕೊಡುವವರು ಆ ಗಿರಾಕಿಗಳೇ.

ಮೇಸ್ತ್ರಿಗೆ ಇದರಿಂದ ಸಿಟ್ಟೇನಿಲ್ಲ. "ಮುಂಚೆ ರಸ್ತೇಲಿ ಗಿರಾಕಿ ಕಂಡ್ರೆ ಪಕ್ಕದ ಓಣಿಗೆ ನುಗ್ತಿದ್ದೆ. ಈಗ ಅವರೇ ನಿಲ್ಸಿ ಟೀ ಕೊಡಿಸ್ತಾರೆ," ಅನ್ನುತ್ತಾನೆ.

ಇಷ್ಟೆಲ್ಲ ಮಾಡುವ ಅಕ್ಕನೂ ಈ ಶೆಡ್ಡಿನ ಗಿರಾಕಿಯೇ. ಮೂಲೆಯಲ್ಲಿ, ನಡುವಿನ ಪೈಪು ನೆಲದ ಹತ್ತಿರಕ್ಕೆ ಬಾಗಿರುವ ಒಂದು ಫ್ರೇಮಿದೆ. ಅದು ಅವಳದು. ಕಾಲೆತ್ತಿ ದಾಟಿಸಬೇಕಾಗಿಲ್ಲ, ಹೊಸ್ತಿಲು ದಾಟಿದ ಹಾಗೆ ದಾಟಿ ಕೂತರಾಯಿತು. ಎಲ್ಲ ಆಗಿದೆ. ಹ್ಯಾಂಡಲು ಕೂರುವ ಕತ್ತನ್ನು ಮಾತ್ರ ಬೆಸೆದಿಲ್ಲ. ಸದ್ಯಕ್ಕೆ ಅದರ ಮೇಲೆ ಮೇಸ್ತ್ರಿಯ ಅಂಗಿ ಒಣಗುತ್ತಿದೆ.

ಬರುವ ತಿಂಗಳಿಂದ ಗಂಡನ ಬ್ರೆಡ್ಡಿನ ದಾರಿ ಊರಿನ ಇನ್ನೊಂದು ದಿಕ್ಕಿಗೆ. ಆ ಹೊತ್ತಿಗೆ ಬಸ್ಸಿಲ್ಲ. ಶಟರ್ ಏಳುವಾಗ ಅಕ್ಕ ಎದುರಿಗಿಲ್ಲದಿದ್ದರೆ ಮೇಸ್ತ್ರಿ ಆ ದಿನಕ್ಕೆ ಹೊಸದೊಂದನ್ನು ಹಿಡಿದ ಹಾಗೆಯೇ. ಅಷ್ಟರೊಳಗೆ ಈ ಬೈಕು ಎದ್ದು ನಿಲ್ಲದಿದ್ದರೆ ಅಕ್ಕನ ಕೆಲಸ ಎರಡನೇ ಸಲ ಹೋಗುತ್ತದೆ.

ತನ್ನದಕ್ಕೆ ತಾನೇ ಕೂರಬಾರದೇ? ಕೂತಳು. "ನಿಮ್ಮದು ಮನೆ ಕೆಲ್ಸ ಇದ್ದ ಹಾಗೆ ಅಕ್ಕಾ, ಯಾವಾಗ ಬೇಕಾದ್ರೂ ಆಗುತ್ತೆ," ಎಂದು ಮೇಸ್ತ್ರಿ ಗೋಡೆಯತ್ತ ನಡೆದ. ಅಕ್ಕ ಕೆಮ್ಮಲು ಬಾಯಿ ತೆರೆದಳು. ಬರಲಿಲ್ಲ.

"ಬೇರೆಯವರಿಗಾದ್ರೆ ಗಂಟಲು ತಾನಾಗೇ ಕೆರೆಯುತ್ತೆ. ನನಗೋಸ್ಕರ ಅಂದ್ರೆ ನಾಚಿಕೆ ಆಗ್ಬಿಡುತ್ತಪ್ಪಾ."

ರಜೆಯ ದಿನ ಅವಳ ಬದಲು ಗಂಡ ಕೂತ. ದಿನಾ ನಸುಕಿಗೆ ಏಳುವವನು, ಕೂತದ್ದೇ ಗೊರಕೆ. ಗೋಡೆಯ ಫ್ರೇಮುಗಳೆಲ್ಲ ಅದುರಿ ಒಂದಕ್ಕೊಂದು ತಾಗಿ ಗಂಟೆ ಬಾರಿಸಿದವು. ಮೇಸ್ತ್ರಿ ಮೃದು ಮನಸ್ಸಿನವನು, ಪಾಪ ಎಚ್ಚರವಾದೀತು ಎಂದು ಮಿಷನ್ನು ಮುಟ್ಟಲೇ ಇಲ್ಲ.

"ಕೂತಿದ್ಯಾ?" ಎಂದಳು ಅಕ್ಕ ಸಂಜೆ.

"ಕೂತಿದ್ದೆ ಕಣೇ. ಏಳಲೇ ಇಲ್ಲ."

ಆಮೇಲೆ ಬಂದವನು ಏಣಿ. ಉದ್ದಕ್ಕೆ ಬಂದ ಅಡ್ಡಹೆಸರು. ಅಕ್ಕ ಕೂತು ಮುಗಿಸಿಕೊಟ್ಟ ಫ್ರೇಮೊಂದರ ಗಿರಾಕಿ. ಆ ಋಣಕ್ಕೆಂದು ಒಂದು ದಿನ ಕೂತ. ಆದರೆ ಬಾಯಿ ಸುಮ್ಮನಿರಬೇಕಲ್ಲ? ಸಂಜೆ ಹೊತ್ತಿಗೆ ಮೇಸ್ತ್ರಿ ಪಕ್ಕದಲ್ಲಿ ತೊಟ್ಟಿಲಿನಂಥ ಸೀಟಿರುವ ಹೊಸ ಫ್ರೇಮು ಶುರು ಮಾಡಿಬಿಟ್ಟಿದ್ದ.

"ನಮ್ಮತ್ತೆಗೆ ಬೈಕ್ ಹಿಂದೆ ಕೂರೋಕೆ ಭಯ ಅಂತ ಮಾತಿಗೆ ಹೇಳ್ದೆ ಅಕ್ಕಾ, ಅಷ್ಟರಲ್ಲಿ ಅಳತೆ ಟೇಪು ತೆಗ್ದ!"

"ಅತ್ತೇನ ಸುತ್ತಾಡಿಸೋ ಆಸೆ ನಿನಗಿತ್ತಾ?"

"ಇರಲಿಲ್ಲ. ಈಗ ಸುತ್ತಾಡಿಸ್ಲೇಬೇಕು."

ಅಕ್ಕ ನಕ್ಕು ಸುಸ್ತಾದಳು. ನಕ್ಕಮೇಲೆ ಮೂಲೆಯ ಕಡೆ ನೋಡಿದಳು. "ರಸ್ತೇಲಿ ನಾನು ಕೂತು ಮುಗಿಸಿದ ಬೈಕುಗಳು ಹೋಗ್ತಾವೆ. ಒಂದೊಂದನ್ನೂ ಗುರುತು ಹಿಡೀತೀನಿ, ಖುಷಿ ಆಗುತ್ತೆ," ಅನ್ನುತ್ತಾಳೆ. "ಅವುಗಳ ಸಾಲಲ್ಲಿ ನಂದೂ ಒಂದು ಹೋಗ್ಬೇಕು. ನಾನೇ ಹತ್ಬೇಕು, ನಾನೇ ಇಳೀಬೇಕು. ಅಷ್ಟೇ ನೋಡಿ."

ಕತ್ತು ಬೆಸೆಯಲು ಒಂದು ಬೆಳಗಿನ ಕೆಲಸ ಸಾಕು ಎಂದು ಮೇಸ್ತ್ರಿಯೇ ಒಪ್ಪುತ್ತಾನೆ. ಬೇಕಾಗಿರುವುದು ಎದುರು ಕೂರಲು ಒಬ್ಬ ಮನುಷ್ಯ. ಮಾತಾಡಬಾರದು, ತೂಕಡಿಸಬಾರದು, ತನಗೂ ಒಂದು ಬೈಕು ಬೇಕು ಅನ್ನಬಾರದು. ಅಂಥವರಿಗಾಗಿ ಓಣಿಯೆಲ್ಲ ಜಾಲಾಡಿದ್ದಾಯಿತು, ಸಿಕ್ಕಿಲ್ಲ. ಅಲ್ಲಾ, ಇಷ್ಟು ಹೊತ್ತು ನೀವು ತುಟಿ ಬಿಚ್ಚದೆ, ಆಕಳಿಸದೆ, ಕೂತಲ್ಲೇ ಕೂತಿದ್ದೀರಲ್ಲ? ನಾಳೆ ನಸುಕಿಗೆ ಬಂದುಬಿಡಿ. ಬೇರೆ ಕೆಲಸವಿದೆ ಅಂತ ಮಾತ್ರ ಹೇಳಬೇಡಿ. ಕೆಲಸ ಇದ್ದವರು ಇದನ್ನು ಇಲ್ಲಿಯವರೆಗೆ ಓದುತ್ತಿರಲಿಲ್ಲ.